ಹಾಯಿದೋಣಿಯಲ್ಲಿ ಸಂಸಾರ: ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಹಾಯಿದೋಣಿಯಲ್ಲಿ ದ್ವೀಪ ಸುತ್ತುವುದೆಂದರೆ ಬಿಳಿ ಹಾಯಿ, ನೀಲಿ ನೀರು ಕಣ್ಣ ಮುಂದೆ ಬರುತ್ತವೆ. ಲೆಕ್ಕ ಹಾಕಿ ನೋಡಿದರೆ ಹಾಯಿ ಬಿಚ್ಚುವ ದಿನಗಳು ಕಮ್ಮಿ. ಹೆಚ್ಚಿನ ದಿನ ದೋಣಿ ಯಾವುದೋ ಕೊಲ್ಲಿಯಲ್ಲಿ ಲಂಗರು ಹಾಕಿಕೊಂಡು ನಿಂತಿರುತ್ತದೆ, ಒಳಗೆ ಮನೆ ನಡೆಯುತ್ತಿರುತ್ತದೆ. ನೀರು ಎಷ್ಟು ಉಳಿದಿದೆ, ಬ್ಯಾಟರಿ ಎಷ್ಟಿದೆ, ಸಿಲಿಂಡರ್ ಇನ್ನೆಷ್ಟು ದಿನ ಬಂದೀತು ಎಂಬ ಲೆಕ್ಕವೇ ದಿನವಿಡೀ. ಈ ಲೆಕ್ಕದಲ್ಲಿ ನಮ್ಮ ಕಡೆಯವರು ಹಿಂದೆ ಬೀಳುವವರಲ್ಲ. ವಾರಕ್ಕೊಮ್ಮೆ ಬರುವ ನಲ್ಲಿ ನೀರನ್ನು ಕೊಡ, ಹಂಡೆಗಳಲ್ಲಿ ಹಿಡಿದಿಟ್ಟು ಮನೆ ನಡೆಸಿದವರಿಗೆ, ತ್ರೀಫೇಸ್ ಬರುವ ಹೊತ್ತು ನೋಡಿ ಪಂಪ್‌ಸೆಟ್ ಚಾಲೂ ಮಾಡಿದವರಿಗೆ ದೋಣಿಯ ಶಿಸ್ತು ಅರ್ಧ ಬಂದಂತೆಯೇ. ಹೊಸದಾಗಿ ಕಲಿಯಬೇಕಾದದ್ದು ಲಂಗರು ಮತ್ತು ಉಪ್ಪು. ಅವೆರಡಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಕೆಳಗಿನ ಅಳತೆಗಳೆಲ್ಲ ಇಬ್ಬರು ವಾಸಿಸುವ, 36ರಿಂದ 40 ಅಡಿ ಉದ್ದದ, ಒಂದೇ ಒಡಲಿನ, 12 ವೋಲ್ಟ್ ವ್ಯವಸ್ಥೆಯ ದೋಣಿಗೆ.

ಊರಲ್ಲಿದ್ದಾಗಲೇ ಮಾಡಿಕೊಳ್ಳಬೇಕಾದದ್ದು

ಮೊದಲು ಈಜು. ನಿಲ್ಲದೆ 200 ಮೀಟರ್ ಈಜಬೇಕು, ಮೈಮೇಲೆ ಬಟ್ಟೆಯಿದ್ದಂತೆ 10 ನಿಮಿಷ ತೇಲಬೇಕು. ಇದನ್ನು ಈಜುಕೊಳದಲ್ಲಿ ಕಲಿಯಿರಿ. ತುಂಗಭದ್ರೆಯಲ್ಲಿ ಬೇಡ: ಮೊಸಳೆಗಳಿವೆ, ಬಂಡೆಗಳ ಸಂದಿಯ ಸುಳಿ ಮೇಲಿಂದ ಕಾಣುವುದಿಲ್ಲ. ಆನೆಗೊಂದಿಯ ಕಡೆ ಹರಿಗೋಲಿನಲ್ಲಿ ಕೂರುವ ಅವಕಾಶ ಸಿಕ್ಕರೆ ಮಾತ್ರ ಬಿಡಬೇಡಿ. ಅಂಚಿನ ಮೇಲೆ ಕಾಲಿಡದೆ ನಡುಮಧ್ಯಕ್ಕೆ ಇಳಿಯುವುದು, ಇಳಿದ ಕೂಡಲೇ ಕುಕ್ಕರುಗಾಲಲ್ಲಿ ಕೂರುವುದು, ಒಬ್ಬರು ಏಳುವ ಮುನ್ನ ಇನ್ನೊಬ್ಬರಿಗೆ ಹೇಳುವುದು ಅಲ್ಲಿ ತಾನಾಗಿ ಬರುತ್ತದೆ. ದೋಣಿಯಿಂದ ದಡಕ್ಕೆ ಓಡಾಡುವ ಗಾಳಿ ತುಂಬಿದ ಡಿಂಗಿಗೂ ಇದೇ ನಿಯಮ. ಜನ ನೀರಿಗೆ ಬೀಳುವುದು ದೊಡ್ಡ ದೋಣಿಯಿಂದ ಡಿಂಗಿಗೆ ಇಳಿಯುವಾಗಲೇ ಹೆಚ್ಚು.

ಹಾಯಿ ಕಲಿಯಲು ರಾಯಚೂರಿನವರಿಗೆ ಹೈದರಾಬಾದಿನ ಹುಸೇನ್ ಸಾಗರ ಹತ್ತಿರ. ಅಲ್ಲಿನ ಕ್ಲಬ್‌ಗಳ ಪುಟ್ಟ ದೋಣಿಗಳಲ್ಲೇ ಶುರು ಮಾಡಿ. ದೊಡ್ಡ ದೋಣಿ ನಿಮ್ಮ ತಪ್ಪನ್ನು ನಿಧಾನಕ್ಕೆ ತೋರಿಸುತ್ತದೆ, ಪುಟ್ಟದು ಆ ಕ್ಷಣವೇ ಮಗುಚಿ ತೋರಿಸುತ್ತದೆ. ಆಮೇಲೆ ಸಮುದ್ರದಲ್ಲಿ ಐದಾರು ದಿನದ ಕೋರ್ಸ್, ಅದಾದ ಮೇಲೆ ಥಾಯ್ಲೆಂಡಿನ ಫುಕೆಟ್ ಅಥವಾ ಮಲೇಷ್ಯಾದ ಲಂಗ್ಕಾವಿಯಲ್ಲಿ ಒಂದು ವಾರ ಬಾಡಿಗೆ ದೋಣಿ. ದೋಣಿ ಕೊಳ್ಳುವ ಮಾತು ಈ ವಾರ ಮುಗಿದ ಮೇಲೆ.

ಗಂಟುಗಳಲ್ಲಿ ಮೂರು ಬಂದರೆ ಸಾಕು: ಬಿಗಿಯದ ಕುಣಿಕೆ ಹಾಕುವ ಬೋಲೈನ್, ಡೆಕ್ಕಿನ ಗೂಟಕ್ಕೆ ಸುತ್ತುವ ಕ್ಲೀಟ್ ಹಿಚ್, ಎಳೆತದಲ್ಲಿರುವ ಹಗ್ಗ ಅಥವಾ ಸರಪಳಿಯನ್ನು ಹಿಡಿದು ನಿಲ್ಲುವ ರೋಲಿಂಗ್ ಹಿಚ್. ಮಂಚದ ಕಾಲಿಗೆ ಕಟ್ಟಿ, ದೀಪ ಆರಿಸಿ, ಮತ್ತೆ ಕಟ್ಟಿ. ಕತ್ತಲಲ್ಲಿ ಬರದ ಗಂಟು ಬಂದಂತಲ್ಲ.

ಯಾವಾಗ, ಎಲ್ಲಿಗೆ

ಅಂಡಮಾನ್ ಮತ್ತು ಥಾಯ್ಲೆಂಡಿನ ಪಶ್ಚಿಮ ತೀರಕ್ಕೆ ಡಿಸೆಂಬರ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಹದವಾದ ಕಾಲ. ಈಶಾನ್ಯದ ಗಾಳಿ ಹಿತವಾಗಿರುತ್ತದೆ, ಮಳೆ ಕಮ್ಮಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಹೆಚ್ಚು ಏಳುವುದು ಎರಡು ಸಲ, ಮುಂಗಾರಿಗೆ ಮುಂಚೆ ಏಪ್ರಿಲ್–ಮೇಯಲ್ಲಿ, ಆಮೇಲೆ ಅಕ್ಟೋಬರ್–ಡಿಸೆಂಬರ್‌ನಲ್ಲಿ. ಕೆರಿಬಿಯನ್‌ನಲ್ಲಿ ಜೂನ್–ನವೆಂಬರ್, ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್–ಏಪ್ರಿಲ್ ಅಪಾಯದ ತಿಂಗಳು. ಸಮಭಾಜಕದಿಂದ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ತೀರಾ ಅಪರೂಪ. ದೋಣಿವಾಸಿಗಳು ಕೆಟ್ಟ ಕಾಲದಲ್ಲಿ ಮಲೇಷ್ಯಾದ ಕಡೆ ಜಾರುವುದು ಅದಕ್ಕೇ.

ಕಾಗದಪತ್ರದ ಎರಡು ಮಾತು ಮರೆಯುವಂತಿಲ್ಲ. ಲಕ್ಷದ್ವೀಪಕ್ಕೆ ಹೊರಗಿನ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ನಿಕೋಬಾರ್‌ನ ಬುಡಕಟ್ಟು ಪ್ರದೇಶಕ್ಕೆ ಬೇರೆ ಪಾಸ್ ಬೇಕು, ಉತ್ತರ ಸೆಂಟಿನೆಲ್ ದ್ವೀಪದ ಹತ್ತಿರ ಹೋಗುವುದೇ ನಿಷಿದ್ಧ. ಇನ್ನೊಂದು, ಭಾರತದ ನೀರಿನಲ್ಲಿ ಪರವಾನಗಿಯಿಲ್ಲದೆ ಥುರಾಯಾ, ಇರಿಡಿಯಂ ಸ್ಯಾಟಲೈಟ್ ಫೋನ್ ಬಳಸುವುದು ಅಪರಾಧ. ವಿದೇಶದಲ್ಲಿ ದೋಣಿ ಕೊಂಡಾಗ ಹಳೆಯ ಮಾಲೀಕರು ಬಿಟ್ಟುಹೋದ ಫೋನ್ ಡ್ರಾಯರ್‌ನಲ್ಲಿ ಬಿದ್ದಿರಬಹುದು, ಒಮ್ಮೆ ತಡಕಿ ನೋಡಿ.

ಲಂಗರು

ನೇಗಿಲು ಹೂಡಿದವರಿಗೆ ಲಂಗರು ಅರ್ಥವಾಗಲು ಹೊತ್ತು ಬೇಕಿಲ್ಲ. ಎಳೆತ ನೆಲಕ್ಕೆ ಸಮವಾಗಿದ್ದರೆ ಗುಳ ಕಚ್ಚಿಕೊಳ್ಳುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಲಂಗರಿಗೆ ಭಾರವಾದ ಸರಪಳಿ ಕಟ್ಟುವುದು, ಅದನ್ನು ಉದ್ದಕ್ಕೆ ಬಿಡುವುದು ಎರಡೂ ಇದಕ್ಕೇ. ಸರಪಳಿ ತಳದ ಮೇಲೆ ಮಲಗಿದಷ್ಟೂ ಲಂಗರಿನ ಮೇಲಿನ ಎಳೆತ ಸಮನಾಗಿರುತ್ತದೆ.

ಈ ಅಳತೆಯ ದೋಣಿಗೆ 20 ಕಿಲೋದ ಹೊಸ ಮಾದರಿಯ ಲಂಗರು, 10 ಮಿಲಿಮೀಟರಿನ ಸರಪಳಿ 60 ಮೀಟರ್, ಅದರ ಬಾಲಕ್ಕೆ 40 ಮೀಟರ್ ನೈಲಾನ್ ಹಗ್ಗ ಇರಲಿ. ಸರಪಳಿ ಮೀಟರಿಗೆ ಸುಮಾರು 2.2 ಕಿಲೋ ತೂಗುತ್ತದೆ. ಪ್ರತಿ 10 ಮೀಟರಿಗೆ ಬಣ್ಣ ಬಳಿದು ಗುರುತು ಮಾಡಿ.

ಎಷ್ಟು ಬಿಡಬೇಕು? ನೀರಿನ ಆಳಕ್ಕೆ, ನೀರಿನ ಮಟ್ಟದಿಂದ ದೋಣಿಯ ಮೂತಿಗೆ (ಮುಂತುದಿಗೆ) ಇರುವ ಎತ್ತರವನ್ನೂ, ಭರತ ಏರುವ ಎತ್ತರವನ್ನೂ ಕೂಡಿಸಿ, ಬಂದದ್ದನ್ನು 5ರಿಂದ ಗುಣಿಸಿ. ಆಳ 6 ಮೀಟರ್, ಮೂತಿ 1.2 ಮೀಟರ್, ಭರತ 2 ಮೀಟರ್ ಆದರೆ ಒಟ್ಟು 9.2. ಬಿಡಬೇಕಾದ ಸರಪಳಿ 46 ಮೀಟರ್. ಗಾಳಿ ಜೋರಿದ್ದರೆ 7ರಿಂದ ಗುಣಿಸಿ. ಇಳಿತದ ಹೊತ್ತಿನಲ್ಲಿ ಬಂದು, ಕಂಡ ಆಳವನ್ನಷ್ಟೇ ಲೆಕ್ಕ ಹಿಡಿದು, ರಾತ್ರಿ ನೀರೇರಿದಾಗ ಲಂಗರು ಕಿತ್ತುಕೊಂಡು ಹೋಗುವುದು ಹೊಸಬರ ಖಾಯಂ ತಪ್ಪು.

ಹಾಕುವ ಕ್ರಮ ಹೀಗೆ:

1. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ, ಸೂರ್ಯ ಬೆನ್ನಿಗಿರುವಂತೆ ಕೊಲ್ಲಿಯೊಳಕ್ಕೆ ಬನ್ನಿ. ಪೋಲರೈಸ್ಡ್ ಕನ್ನಡಕದಲ್ಲಿ ಮರಳು ತಿಳಿಹಸಿರಾಗಿ, ಹವಳ ಕಂದು ಕಲೆಯಾಗಿ ಕಾಣುತ್ತದೆ. ಮರಳಿಗೆ ಮಾತ್ರ ಹಾಕಿ. ಹವಳ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಅದು ಸಾಲದೆಂಬಂತೆ ಸರಪಳಿಯನ್ನೂ ಸುತ್ತಿಕೊಂಡು ಕೂರುತ್ತದೆ.

2. ಮೂತಿಯನ್ನು ಗಾಳಿಗೆ ಎದುರಾಗಿಸಿ ದೋಣಿಯನ್ನು ಪೂರ್ತಿ ನಿಲ್ಲಿಸಿ. ಲಂಗರು ತಳ ಮುಟ್ಟುವವರೆಗೆ ಇಳಿಸಿ.

3. ದೋಣಿ ಹಿಂದಕ್ಕೆ ಸರಿಯಲು ಶುರುವಾದ ಮೇಲೆ, ಸರಿದಷ್ಟೇ ಸರಪಳಿ ಬಿಡಿ. ಒಂದೇ ಸಲ ಸುರಿದರೆ ಲಂಗರಿನ ಮೇಲೆ ಗುಡ್ಡೆಯಾಗಿ ತೊಡರಿಕೊಳ್ಳುತ್ತದೆ.

4. ಪೂರ್ತಿ ಬಿಟ್ಟ ಮೇಲೆ ಇಂಜಿನ್ನನ್ನು ರಿವರ್ಸ್‌ನಲ್ಲಿ ಮೆಲ್ಲಗೆ ನಿಮಿಷಕ್ಕೆ 1000 ಸುತ್ತಿನ ವೇಗಕ್ಕೆ ತನ್ನಿ, ಆಮೇಲೆ 1800–2000ಕ್ಕೆ ಏರಿಸಿ ಅರ್ಧ ನಿಮಿಷ ಹಿಡಿಯಿರಿ. ಬಗಲಿನ ದಡದಲ್ಲಿ ಒಂದು ಮರ, ಅದರ ಹಿಂದೊಂದು ಬಂಡೆ ಒಂದೇ ಸಾಲಿಗೆ ಬರುವಂತೆ ನೋಡಿಟ್ಟುಕೊಳ್ಳಿ. ಸಾಲು ಕದಲದಿದ್ದರೆ ಲಂಗರು ಹಿಡಿದಿದೆ.

5. ಸರಪಳಿಗೆ 12–14 ಮಿಲಿಮೀಟರಿನ, 6–8 ಮೀಟರ್ ಉದ್ದದ ನೈಲಾನ್ ಹಗ್ಗ ಕೊಕ್ಕೆ ಹಾಕಿ ಡೆಕ್ಕಿನ ಗೂಟಕ್ಕೆ ಕಟ್ಟಿ. ಎಳೆತದ ಜಟಕಿ ಆ ಹಗ್ಗದ ಹಿಗ್ಗಿನಲ್ಲಿ ಕರಗಬೇಕು. ಇದಿಲ್ಲದಿದ್ದರೆ ಸರಪಳಿ ಎತ್ತುವ ಯಂತ್ರದ ಹಲ್ಲು ಸವೆಯುತ್ತದೆ, ರಾತ್ರಿಯಿಡೀ ತಲೆದಿಂಬಿನಡಿ ಕಟಕಟ ಸದ್ದು.

6. ನೀರೊಳಗೆ ನೋಡುವ ಮುಖವಾಡ ಹಾಕಿಕೊಂಡು ಈಜಿ ಹೋಗಿ ಕಣ್ಣಾರೆ ನೋಡಿ. ಲಂಗರಿನ ಮೊನೆ ಮರಳಲ್ಲಿ ಹೂತಿರಬೇಕು. ಪಕ್ಕಕ್ಕೆ ಮಲಗಿದ್ದರೆ ಎಷ್ಟು ಬೇಜಾರಾದರೂ ಎತ್ತಿ ಮತ್ತೆ ಹಾಕಬೇಕು.

ಈಜಲು ಆಗದ ಹೊತ್ತಿನಲ್ಲಿ ಅಂಗೈ ಹೇಳುತ್ತದೆ. ಇಂಜಿನ್ ಹಿಂದಕ್ಕೆ ಎಳೆಯುವಾಗ ಮೂತಿಯಲ್ಲಿ ಬಗ್ಗಿ ಬಿಗಿಯಾದ ಸರಪಳಿಯ ಮೇಲೆ ಅಂಗೈ ಇಡಿ, ಬೆರಳು ಸುತ್ತಬೇಡಿ. ಲಂಗರು ಹಿಡಿದಿದ್ದರೆ ಸರಪಳಿ ಗಟ್ಟಿಯಾಗಿ, ಸುಮ್ಮನೆ ಇರುತ್ತದೆ. ಜಾರುತ್ತಿದ್ದರೆ ಕಲ್ಲುಹಾದಿಯ ಮೇಲಿನ ಬಂಡಿಯಂತೆ ಗಡಗಡ ನಡುಗುತ್ತದೆ. ಹುಲ್ಲಿನ ಮೇಲೆ ಜಾರುವಾಗ ನಡುಕ ಮೆತ್ತಗಿರುತ್ತದೆ, ಸ್ವಲ್ಪ ಹಿಡಿದು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಅಂಥ ಕಡೆ ರಾತ್ರಿ ನಿಲ್ಲಬೇಡಿ.

ಸುತ್ತಲೂ ತಿರುಗಲು ಜಾಗ ಬೇಕು. 46 ಮೀಟರ್ ಸರಪಳಿಗೆ 12 ಮೀಟರ್ ದೋಣಿ ಸೇರಿಸಿದರೆ 58 ಮೀಟರ್ ತ್ರಿಜ್ಯದ ವೃತ್ತ. ರಾತ್ರಿ ಮಳೆಮೋಡ ಬಂದು ಗಾಳಿ ತಿರುಗಿದರೆ ನಿಮ್ಮ ಹಿಂಬದಿ ಎಲ್ಲಿಗೆ ಬರುತ್ತದೆ ಎಂದು ಸಂಜೆಯೇ ನೋಡಿ. ಫೋನಿನಲ್ಲಿ ಲಂಗರಿನ ಅಲಾರಂ ಇಡುವಾಗ ವೃತ್ತದ ನಡುಬಿಂದು ಲಂಗರು ಬಿದ್ದ ಜಾಗವಾಗಿರಲಿ. ನೀವು ನಿಂತ ಜಾಗವನ್ನು ಕೊಟ್ಟರೆ ರಾತ್ರಿಯೆಲ್ಲ ಸುಮ್ಮಸುಮ್ಮನೆ ಕೂಗುತ್ತದೆ, ಮೂರನೇ ದಿನ ನೀವೇ ಅದನ್ನು ಆರಿಸುತ್ತೀರಿ.

ನೀರಿನ ಲೆಕ್ಕ

ಒಬ್ಬರಿಗೆ ದಿನಕ್ಕೆ 12 ಲೀಟರ್ ಸಾಕು. ಕುಡಿಯಲು, ಅಡುಗೆಗೆ 5, ಮೈ ತೊಳೆದುಕೊಳ್ಳಲು 4, ಪಾತ್ರೆಯ ಕೊನೆಯ ತೊಳೆತಕ್ಕೆ ಮತ್ತು ಚಿಲ್ಲರೆಗೆ 3. ಇಬ್ಬರಿಗೆ 24 ಲೀಟರ್, 350 ಲೀಟರಿನ ಟ್ಯಾಂಕ್ ಹದಿನಾಲ್ಕು ದಿನ ಬರುತ್ತದೆ. ಟ್ಯಾಂಕ್ ಎರಡಾಗಿ ಬೇರೆಬೇರೆ ಇರಬೇಕು. ಒಂದಕ್ಕೆ ಉಪ್ಪುನೀರು ಸೇರಿದರೂ ಇನ್ನೊಂದು ಉಳಿಯುತ್ತದೆ. ಇವೆರಡಕ್ಕೂ ಸೇರದ 20 ಲೀಟರಿನ ನಾಲ್ಕು ಕ್ಯಾನ್ ಆಪತ್ತಿಗೆ ಬೇರೆ.

ಸ್ನಾನ ಸಮುದ್ರದಲ್ಲಿ, ಕೊನೆಗೆ ಎರಡು ಚರಿಗೆ ಸಿಹಿನೀರು. ಮೈಸೋಪು ಉಪ್ಪುನೀರಲ್ಲಿ ನೊರೆ ಬರುವುದಿಲ್ಲ. ಶಾಂಪೂ ಬರುತ್ತದೆ, ಪಾತ್ರೆ ತೊಳೆಯುವ ಲಿಕ್ವಿಡ್ಡೂ ಬರುತ್ತದೆ. ಕೊನೆಯ ಎರಡು ಚರಿಗೆಯಲ್ಲಿ ಜಿಪುಣತನ ಬೇಡ. ಮೈಮೇಲೆ ಉಳಿದ ಉಪ್ಪು ಹಾಸಿಗೆಗೆ ಹೋಗುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಆ ಹಾಸಿಗೆ ಮತ್ತೆ ಒಣಗುವುದೇ ಇಲ್ಲ. ಸಮುದ್ರದ ನೀರಲ್ಲಿ ಬಟ್ಟೆ ಒಗೆಯಬಾರದೆನ್ನುವುದೂ ಇದಕ್ಕೇ. ಒತ್ತಡದ ವಿದ್ಯುತ್ ಪಂಪಿನ ಬದಲು ಕಾಲಿನಿಂದ ಒತ್ತುವ ಪಂಪ್ ಹಾಕಿದರೆ ನೀರಿನ ಖರ್ಚು ತಾನಾಗಿ ಇಳಿಯುತ್ತದೆ.

ಮಳೆನೀರಿಗೆ 2 ಮೀಟರ್ ಅಗಲ, 3 ಮೀಟರ್ ಉದ್ದದ ನೆರಳುಬಟ್ಟೆ ಸಾಕು. 20 ಮಿಲಿಮೀಟರ್ ಮಳೆ ಬಿದ್ದರೆ 120 ಲೀಟರ್. ಮೊದಲ ಐದು ನಿಮಿಷದ ನೀರನ್ನು ಹೊರಗೆ ಬಿಡಿ, ಅದರಲ್ಲಿ ಉಪ್ಪೂ ಧೂಳೂ ಇರುತ್ತದೆ. ದಡದ ನೀರು ತುಂಬಿಸಿದಾಗ 350 ಲೀಟರಿಗೆ ಶೇ. 5ರ, ವಾಸನೆ ಬೆರೆಸದ ಹೈಪೋಕ್ಲೋರೈಟ್ ದ್ರಾವಣ 15 ಮಿಲಿಲೀಟರ್ ಹಾಕಿ ಅರ್ಧ ಗಂಟೆ ಬಿಡಿ.

ಸಮುದ್ರದ ನೀರನ್ನು ಸಿಹಿ ಮಾಡುವ ಆರ್‌ಒ ಯಂತ್ರ ಊರಿನ ಶುದ್ಧ ನೀರಿನ ಘಟಕದ ತತ್ವದ್ದೇ, ಒತ್ತಡ ಮಾತ್ರ ಬಹಳ ಹೆಚ್ಚು, 55 ಬಾರ್‌ನ ಆಸುಪಾಸು. ಶಕ್ತಿ ಉಳಿಸುವ ಮಾದರಿಗಳು 8–10 ಆಂಪಿಯರ್‌ನಲ್ಲಿ ಗಂಟೆಗೆ ಸುಮಾರು 24 ಲೀಟರ್ ಕೊಡುತ್ತವೆ. ಇದು ಕೆಡಲು ಮೂರು ದಾರಿ: ಬಂದರಿನ ಎಣ್ಣೆ ನೀರು ಎಳೆಯುವುದು, ಕ್ಲೋರಿನ್ ನೀರಲ್ಲಿ ತೊಳೆಯುವುದು, ವಾರಗಟ್ಟಲೆ ಸುಮ್ಮನೆ ಬಿಡುವುದು. ಟ್ಯಾಂಕಿಗೆ ಕ್ಲೋರಿನ್ ಹಾಕುವವರು ತೊಳೆಯುವ ದಾರಿಯಲ್ಲಿ ಇದ್ದಿಲು ಫಿಲ್ಟರ್ ಕೂರಿಸಲೇಬೇಕು.

ಕರೆಂಟ್

ಫ್ರಿಜ್ಜೇ ದೊಡ್ಡ ಗಿರಾಕಿ. ಉಷ್ಣವಲಯದಲ್ಲಿ ದಿನಕ್ಕೆ 50 ಆಂಪಿಯರ್-ಗಂಟೆ ತಿನ್ನುತ್ತದೆ. ಫ್ಯಾನ್, ದೀಪ, ಫೋನ್, ಲ್ಯಾಪ್‌ಟಾಪ್, ಉಪಕರಣ, ರಾತ್ರಿ ಕಂಬದ ತುದಿಯಲ್ಲಿ ಉರಿಯಬೇಕಾದ ಲಂಗರಿನ ದೀಪ ಎಲ್ಲ ಸೇರಿ ಇನ್ನೊಂದು 50. ಒಟ್ಟು 100. 400 ವ್ಯಾಟ್ ಸೋಲಾರ್ ಹಲಗೆಗಳು ನೆಟ್ಟಗಿನ ಬಿಸಿಲಲ್ಲಿ ಇಷ್ಟನ್ನು ಕೊಡುತ್ತವೆ, ನೆರಳು ಬೀಳದಿದ್ದರೆ. ಹಾಯಿಯ ಅಡ್ಡಗಂಬದ ತೆಳ್ಳನೆ ನೆರಳು ಹಲಗೆಯ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಅರ್ಧಕ್ಕೆ ಇಳಿಯಬಹುದು. ಲಂಗರು ಹಾಕಿದ ಮೇಲೆ ಅಡ್ಡಗಂಬವನ್ನು ಹಗ್ಗದಿಂದ ಪಕ್ಕಕ್ಕೆ ಎಳೆದು ಕಟ್ಟಿ.

ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಹಾಗಾಗಿ 300 ಆಂಪಿಯರ್-ಗಂಟೆಯದು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 200 ಸಾಕು. ಸೀಸದ ಬ್ಯಾಟರಿ ಯಾವ ಭಾರವೂ ಇಲ್ಲದಾಗ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಬೆಳಗಿನ ಜಾವ, ಬಿಸಿಲು ಬೀಳುವ ಮುನ್ನ ಅಳೆಯಿರಿ.

ಅಡುಗೆಮನೆ

ಇಲ್ಲಿ ನಮ್ಮ ಕಡೆಯ ಊಟಕ್ಕೆ ಸಾಟಿಯಿಲ್ಲ. ಚೆನ್ನಾಗಿ ಒಣಗಿದ ಖಡಕ್ ಜೋಳದ ರೊಟ್ಟಿ ಒಂದು ತಿಂಗಳು ಕೆಡುವುದಿಲ್ಲ, ಫ್ರಿಜ್ ಬೇಡ, ಗ್ಯಾಸ್ ಬೇಡ. ಶೇಂಗಾ, ಗುರೆಳ್ಳು, ಅಗಸಿ ಹಿಂಡಿ ಜೊತೆಗಿದ್ದರೆ ಅಲೆ ಎದ್ದ ದಿನ ಒಲೆ ಹಚ್ಚದೆ ಊಟ ಮುಗಿಯುತ್ತದೆ. ರೊಟ್ಟಿಯ ಶತ್ರು ತೇವ. ರಾಯಚೂರಿನ ಬೇಸಿಗೆಯಲ್ಲಿ ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದರೆ ನಡೆಯುತ್ತದೆ. ಸಮುದ್ರದ ಗಾಳಿಯಲ್ಲಿ ತೆರೆದಿಟ್ಟ ರೊಟ್ಟಿ ಸಂಜೆಯೊಳಗೆ ತೊಗಲಿನಂತೆ ಬಾಗುತ್ತದೆ, ಹರಿಯುವುದೇ ಹೊರತು ಮುರಿಯುವುದಿಲ್ಲ. ಹತ್ತು ಹತ್ತರ ಕಟ್ಟು ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ರಬ್ಬರ್ ಅಂಚಿನ ಮುಚ್ಚಳದ ಡಬ್ಬಿಯಲ್ಲಿಡಿ. ಒಂದು ಕಟ್ಟು ಮುಗಿಯುವವರೆಗೆ ಇನ್ನೊಂದು ಬಿಚ್ಚಬೇಡಿ. ಮೆತ್ತಗಾದದ್ದನ್ನು ಸಣ್ಣ ಉರಿಯ ತವೆಯ ಮೇಲೆ ಎರಡು ನಿಮಿಷ ಇಟ್ಟರೆ ಮತ್ತೆ ಗರಿಗರಿ.

ಹಿಟ್ಟು ಒಯ್ದು ದೋಣಿಯಲ್ಲೇ ರೊಟ್ಟಿ ಬಡಿಯುವ ಹಟ ಬೇಡ. ಜೋಳದ ಹಿಟ್ಟು ಹಳೆಯದಾದಂತೆ ಜಿಗಿ ಕಳೆದುಕೊಂಡು ಅಂಚು ಸೀಳುತ್ತದೆ, ತೂಗುವ ಒಲೆಯ ಮುಂದೆ ಬಡಿಯಲು ಕೈಗೆ ನೆಲೆಯೂ ಸಿಗುವುದಿಲ್ಲ. ಮಂಡಕ್ಕಿಯ ಆಸೆಯನ್ನೂ ಬಿಡಿ, ಚೀಲ ಬಿಚ್ಚಿದ ಕೆಲವೇ ನಿಮಿಷದಲ್ಲಿ ಅದರ ಕತೆ ಮುಗಿಯುತ್ತದೆ.

ಇಬ್ಬರಿಗೆ ಮೂವತ್ತು ದಿನದ ಸಾಮಾನು: ರೊಟ್ಟಿ 150, ಗಂಗಾವತಿ ಸೋನಾ ಮಸೂರಿ 8 ಕಿಲೋ, ತೊಗರಿಬೇಳೆ 3 ಕಿಲೋ, ಹೆಸರುಕಾಳು 2 ಕಿಲೋ, ಎಣ್ಣೆ 3 ಲೀಟರ್, ಮೂರು ಬಗೆಯ ಹಿಂಡಿ ಅರ್ಧರ್ಧ ಕಿಲೋ, ಉಳ್ಳಾಗಡ್ಡಿ 6 ಕಿಲೋ. ಹೆಸರುಕಾಳನ್ನು ಮೊಳಕೆ ಬರಿಸಿ. ಸೊಪ್ಪು ಸಿಗದ ದಿನಗಳಲ್ಲಿ ಹಸಿರು ಪದಾರ್ಥ ಅದೊಂದೇ. ಉಳ್ಳಾಗಡ್ಡಿ, ಆಲೂಗಡ್ಡೆ ಬೇರೆಬೇರೆ ಬಲೆಜೋಳಿಗೆಯಲ್ಲಿ ತೂಗಲಿ. ಕುಂಬಳಕಾಯಿ ಇಡಿಯಾಗಿದ್ದರೆ ತಿಂಗಳು ದಾಟುತ್ತದೆ. ಎಲೆಕೋಸನ್ನು ಕತ್ತರಿಸದೆ ಹೊರಗಿನಿಂದ ಒಂದೊಂದೇ ಎಲೆ ಬಿಡಿಸಿ. ಬಾಳೆಗೊನೆ ಚಂದ ಕಾಣುತ್ತದೆಂದು ತೂಗುಹಾಕಿದರೆ ಎಲ್ಲವೂ ಎರಡೇ ದಿನದಲ್ಲಿ ಹಣ್ಣಾಗುತ್ತವೆ. ರಟ್ಟಿನ ಪೆಟ್ಟಿಗೆ ಯಾವುದನ್ನೂ ದೋಣಿಯೊಳಕ್ಕೆ ತರಬೇಡಿ, ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಬರುತ್ತದೆ.

ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಹಾಕಬಹುದು. ದೋಣಿಯಲ್ಲಿ ಅದು ತಳದ ಗುಂಡಿಗೆ ಇಳಿದು ಕೂರುತ್ತದೆ, ನೀರೆತ್ತುವ ಪಂಪಿನ ಒಂದು ಕಿಡಿ ಸಾಕು. ಸಿಲಿಂಡರ್ ಡೆಕ್ಕಿನ ಮೇಲೆ, ಹೊರಕ್ಕೆ ರಂಧ್ರವಿರುವ ಪೆಟ್ಟಿಗೆಯಲ್ಲಿರಬೇಕು. ಅಡುಗೆ ಮುಗಿದ ಕೂಡಲೇ ಮೊದಲು ಸಿಲಿಂಡರ್ ಬಂದ್, ಉರಿ ತಾನಾಗಿ ಆರಿದ ಮೇಲೆ ಒಲೆಯ ಗುಬಟು. ತಿಂಗಳಿಗೊಮ್ಮೆ ಸೇರುವೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ರೆಗ್ಯುಲೇಟರ್ ದೇಶದಿಂದ ದೇಶಕ್ಕೆ ಬೇರೆ, ನಮ್ಮದು ಥಾಯ್ಲೆಂಡಿನಲ್ಲಿ ಕೂರುತ್ತದೆಂದು ನಂಬಬೇಡಿ. ಪ್ರೆಶರ್ ಕುಕ್ಕರ್ ಗ್ಯಾಸ್ ಉಳಿಸುತ್ತದೆ, ಬಿದ್ದರೂ ಬಿಸಿ ಬೇಳೆ ಮೈಮೇಲೆ ಚೆಲ್ಲುವುದಿಲ್ಲ. ಸಾಗುವಾಗ ಅನ್ನ-ಸಾರು ಎಲ್ಲವೂ ಅದರಲ್ಲೇ.

ಕೆಡುವ ಜಾಗಗಳು

ನಲವತ್ತು ಡಿಗ್ರಿ ಒಣಬಿಸಿಲು ಉಂಡವರಿಗೂ ಸಮುದ್ರದ ಮೂವತ್ತೆರಡು ಡಿಗ್ರಿ ಬೇರೆಯೇ. ಬೆವರು ಆರುವುದಿಲ್ಲ. ಮೂತಿಯ ಹ್ಯಾಚ್ (ಮೇಲ್ಛಾವಣಿಯ ಕಿಂಡಿ) ತೆರೆದು, ಗಾಳಿ ಒಳಕ್ಕೆ ತಿರುಗಿಸುವ ಬಟ್ಟೆಯ ಚೀಲ ಕಟ್ಟಿ. ಕಪಾಟಿನ ಒಳಗೋಡೆಗೆ ವಾರಕ್ಕೊಮ್ಮೆ ವಿನೆಗರ್ ಒರೆಸಿದರೆ ಬೂಷ್ಟು ಹಿಡಿಯದು. ಹವಳ ತರಚಿದ ಗಾಯವನ್ನು ಹಗುರವಾಗಿ ಕಾಣಬೇಡಿ: ಸಿಹಿನೀರು, ಸೋಪಿನಿಂದ ಉಜ್ಜಿ ಚೂರು ತೆಗೆದು, ನಂಜುನಿರೋಧಕ ಹಚ್ಚಿ, ವಾಸಿಯಾಗುವವರೆಗೆ ನೀರಿಗಿಳಿಯಬೇಡಿ.

ಶೌಚದ ಪೈಪಿನಲ್ಲಿ ಮೂತ್ರ ಮತ್ತು ಉಪ್ಪುನೀರು ಸೇರಿ ಸುಣ್ಣ ಕಟ್ಟುತ್ತದೆ. ವಾರಕ್ಕೊಮ್ಮೆ ಎರಡು ಲೋಟ ವಿನೆಗರ್ ಹಾಕಿ ರಾತ್ರಿಯಿಡೀ ಬಿಡಿ, ಕಾಗದ ಒಳಗೆ ಹಾಕಬೇಡಿ. ದೋಣಿಯ ಒಡಲಿನಲ್ಲಿ ನೀರು ಬಂದುಹೋಗುವ ಪ್ರತಿ ತೂತಿಗೂ ಒಂದು ವಾಲ್ವ್ ಇದೆ. ಪ್ರತಿಯೊಂದರ ಪಕ್ಕ ಅದರ ಅಳತೆಯ ಮರದ ಬೆಣೆಯನ್ನು ದಾರದಲ್ಲಿ ಕಟ್ಟಿಡಿ.

ಡೀಸೆಲ್ ಇಂಜಿನ್ ವಿಷಯದಲ್ಲಿ ಪಂಪ್‌ಸೆಟ್, ಟ್ರ್ಯಾಕ್ಟರ್ ಬಿಚ್ಚಿದವರಿಗೆ ಹೇಳುವುದು ಕಮ್ಮಿ: ಏರ್ ಹಿಡಿದರೆ ಬ್ಲೀಡ್ ಮಾಡುವುದು ಇಲ್ಲೂ ಅದೇ. ಹೊಸದು ಎರಡು. ಸಮುದ್ರದ ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್, ಮೂರು ಜೊತೆಗಿರಲಿ. ಹೊರಟ ಕೂಡಲೇ ಹಿಂಬದಿಯ ಪೈಪಿನಿಂದ ನೀರು ಉಗುಳುತ್ತಿದೆಯೇ ನೋಡಿ, ಇಲ್ಲದಿದ್ದರೆ ತಕ್ಷಣ ಆಫ್. ಇನ್ನೊಂದು, ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ಹನಿಗಟ್ಟಿ ಡೀಸೆಲ್‌ನಲ್ಲಿ ಪಾಚಿಯಂಥ ಕೆಸರು ಬೆಳೆಯುತ್ತದೆ. ಸುಮ್ಮನಿದ್ದಾಗ ತಳದಲ್ಲಿ ಮಲಗಿದ್ದು ಅಲೆ ಎದ್ದಾಗಲೇ ಕದಡಿ ಫಿಲ್ಟರ್ ಕಟ್ಟುತ್ತದೆ. ಟ್ಯಾಂಕ್ ತುಂಬಿಡಿ, ಫಿಲ್ಟರ್ ಆರು ಇರಲಿ.

ದ್ವೀಪದಿಂದ ದ್ವೀಪಕ್ಕೆ

ಸರಾಸರಿ 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ (ಸುಮಾರು 9 ಕಿಲೋಮೀಟರ್) ಲೆಕ್ಕ ಹಿಡಿಯಿರಿ. ಫುಕೆಟ್‌ನಿಂದ ಪೋರ್ಟ್ ಬ್ಲೇರ್‌ಗೆ, ಅಂದರೆ 2024ರಿಂದ ಶ್ರೀ ವಿಜಯಪುರಂ ಎನಿಸಿಕೊಂಡ ಊರಿಗೆ, ಸುಮಾರು 400 ನಾಟಿಕಲ್ ಮೈಲಿ. ಮೂರೂವರೆ ದಿನ ಬೇಕು, ಬೆಳಕಲ್ಲಿ ಮುಟ್ಟುವಂತೆ ಹೊರಡಿ. ಗಾಳಿ 15–18 ನಾಟ್ ಮುಟ್ಟುವಾಗಲೇ ದೊಡ್ಡ ಹಾಯಿಯನ್ನು ಚಿಕ್ಕದು ಮಾಡುವ ಮೊದಲ ಮಡಿಕೆ ಹಾಕಿ, ಕತ್ತಲಾಗುವ ಮುನ್ನ ಗಾಳಿ ಇರಲಿ ಬಿಡಲಿ ಒಂದು ಮಡಿಕೆ. ಮೂರು ಗಂಟೆ ಎಚ್ಚರ, ಮೂರು ಗಂಟೆ ನಿದ್ದೆ. ಒಬ್ಬರೇ ಎದ್ದಿರುವಾಗ ಡೆಕ್ಕಿನ ಪಟ್ಟಿಗೆ ಸೊಂಟದ ಹಗ್ಗ ಕೊಕ್ಕೆ ಹಾಕದೆ ಮೂತಿಯ ಕಡೆ ಹೋಗುವಂತಿಲ್ಲ, ಗಂಡಸರು ರಾತ್ರಿ ಅಂಚಿನಲ್ಲಿ ನಿಂತು ಮೂತ್ರ ಮಾಡುವಂತೆಯೂ ಇಲ್ಲ.

ಸುತ್ತಲಿನ ದೋಣಿಗಳೊಡನೆ ಮಾತಾಡುವ ವಿಎಚ್‌ಎಫ್ ರೇಡಿಯೋ, ಆಪತ್ತಿನ ಕರೆಯ 16ನೇ ಚಾನೆಲ್‌ನಲ್ಲಿ ಸದಾ ತೆರೆದಿರಲಿ. ಉಪಗ್ರಹಕ್ಕೆ ಆಪತ್ತಿನ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಇಪಿಐಆರ್‌ಬಿಯನ್ನು ದೋಣಿಯ ಹೆಸರಿನಲ್ಲಿ ನೋಂದಾಯಿಸಿ. ನಮ್ಮ ಸುತ್ತಲಿನ ಸಮುದ್ರದ ಸಂಕೇತ ಹಿಡಿಯುವ ಭಾರತದ ಕೇಂದ್ರ ಬೆಂಗಳೂರಿನ ಇಸ್ರೋದಲ್ಲೇ ಇದೆ. ಫೋನ್ ಸಿಗ್ನಲ್ ಇರುವ ಕಡೆ ಕರಾವಳಿ ಕಾವಲು ಪಡೆಯ ನಂಬರ್ 1554.

ಮೊದಲ ಹದಿನೈದು ದಿನ

ದೋಣಿ ಕೈಗೆ ಬಂದ ಕೂಡಲೇ ದೂರ ಹೊರಡಬೇಡಿ. ಬಂದರಿನಿಂದ ಅರ್ಧ ದಿನದ ದೂರದಲ್ಲಿ ಒಂದು ಕೊಲ್ಲಿ ಹಿಡಿದು ಹದಿನೈದು ದಿನ ಅಲ್ಲೇ ಇರಿ. ದಿನಾ ಒಮ್ಮೆ ಲಂಗರು ಎತ್ತಿ, ಬೇರೆ ಜಾಗಕ್ಕೆ ಹಾಕಿ, ಈಜಿ ನೋಡಿ. ಬೆಳಿಗ್ಗೆ ಏಳುತ್ತಲೇ ನಾಲ್ಕು ಅಂಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಬ್ಯಾಟರಿಯ ವೋಲ್ಟ್, ಟ್ಯಾಂಕಿನ ನೀರು, ತಳದ ಗುಂಡಿಯಲ್ಲಿ ನಿಂತ ನೀರಿನ ಬೆರಳ ಅಳತೆ, ಸಿಲಿಂಡರಿನ ತೂಕ. ತೂಕಕ್ಕೆ ಸ್ಪ್ರಿಂಗ್ ತಕ್ಕಡಿ ಸಾಕು. ಗುಂಡಿಯ ನೀರು ಒಂದು ಬೆರಳಿಂದ ಎರಡಕ್ಕೆ ಏರಿದ್ದರೆ ನಾಲಿಗೆಗೆ ಹಚ್ಚಿ ನೋಡಿ. ಸಿಹಿಯಾದರೆ ಟ್ಯಾಂಕ್ ಅಥವಾ ಅದರ ಪೈಪ್ ಸೋರುತ್ತಿದೆ, ಸಂಜೆಯವರೆಗೆ ಕಾಯಬಹುದು. ಉಪ್ಪಾದರೆ ಚಹಾ ಆಮೇಲೆ, ಮೊದಲು ವಾಲ್ವ್‌ಗಳನ್ನೂ ಇಂಜಿನ್ನಿನಿಂದ ಹೊರಹೋಗುವ ಶಾಫ್ಟಿನ ಗ್ಲ್ಯಾಂಡನ್ನೂ ಒಂದೊಂದಾಗಿ ಕೈಯಿಟ್ಟು ನೋಡಿ.